ಬಸ್ಸಿನ ಫೋಟೋದ ಸಿದ್ದಜ್ಜಿ

ಸತ್ತವರ ಸಾಲಿನಲ್ಲಿ ತಾನೊಬ್ಬಳೇ ಬದುಕಿದ್ದೇನೆ ಎಂಬ ಜಂಬ ಸಿದ್ದಜ್ಜಿಗೆ ಕೊನೆಯವರೆಗೂ ಇತ್ತು. ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ವಾಚನಾಲಯದ ಪಕ್ಕದ ಕೋಣೆಯಲ್ಲಿ ಊರಿನ ಹಳಬರ ಫೋಟೋಗಳನ್ನು ತೂಗುಹಾಕಿ ಅದಕ್ಕೆ ಮ್ಯೂಸಿಯಂ ಎಂದು ಹೆಸರಿಟ್ಟಿದ್ದೆವು. ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಊರಿಗೆ ಮೊದಲ ಬಸ್ಸು ಬಂದ ದಿನ ತೆಗೆದ ಚಿತ್ರದಲ್ಲಿ, ಹಿರಿಯರ ಹಿಂದೆ ಸೆರಗು ಕಚ್ಚಿಕೊಂಡು ನಿಂತ ಹೊಸ ಸೊಸೆಯೇ ಈ ಸಿದ್ದಜ್ಜಿ. ಗೋಡೆಯ ಮೇಲಿದ್ದ ಉಳಿದವರೆಲ್ಲ ಎಂದೋ ಹೋಗಿದ್ದರು.

ನಾನು ಬಾಗಿಲು ತೆಗೆಯುವ ಹೊತ್ತಿಗೆ ಅವಳು ಕುರಿಮರಿಯನ್ನು ಕಂಬಕ್ಕೆ ಕಟ್ಟಿ, ಮೆಟ್ಟಿಲ ಮೇಲೆ ಉಣ್ಣೆ ನೂಲುತ್ತಾ ಕುಳಿತಿರುತ್ತಿದ್ದಳು. ಒಳಗೆ ಬಂದವಳೇ ಗೋಡೆಯ ಮೇಲಿನವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತಿದ್ದಳು. ಪೇಟ ಸುತ್ತಿದ ಪಟೇಲರಿಗೆ, ಇಷ್ಟು ವರ್ಷವಾದರೂ ನಿಮ್ಮ ಸಿಟ್ಟು ಇಳಿದಿಲ್ಲವಲ್ಲ ಎನ್ನುವಳು. ಯಾರ ಗೊರಕೆ ಎಷ್ಟು ಮನೆಗೆ ಕೇಳುತ್ತಿತ್ತು, ಬಸ್ಸಿನ ಹಾರ್ನಿಗೆ ಹೆದರಿ ಯಾರು ಬಾವಿಕಟ್ಟೆ ಹತ್ತಿದ್ದರು ಎಂಬ ಚರಿತ್ರೆಯೂ ನೋಡಲು ಬಂದವರಿಗೆ ಸಿಗುತ್ತಿತ್ತು. ನಾನು ಅಚ್ಚುಕಟ್ಟಾಗಿ ಬರೆದು ಅಂಟಿಸಿದ್ದ ವಿವರಗಳನ್ನು ಯಾರೂ ಓದುತ್ತಿರಲಿಲ್ಲ.

ಒಂದು ಮಹಾಲಯ ಅಮಾವಾಸ್ಯೆಗೆ ಊರಿನ ಹೆಂಗಸರು ತಮ್ಮ ಹಿರಿಯರನ್ನು ಹುಡುಕಿಕೊಂಡು ಬಂದರು. ಗಾಜಿನ ಮೇಲೆ ಸಾಲಾಗಿ ಎಲ್ಲರ ಹಣೆಗೂ ಕುಂಕುಮವಿಟ್ಟು, ಬಸ್ಸಿನ ಫೋಟೋಕ್ಕೂ ಒಂದು ಹಾರ ಹಾಕಿ ಹೋದರು. ಸಿದ್ದಜ್ಜಿ ಬಂದು ನೋಡಿದಳು. ಫೋಟೋದಲ್ಲಿನ ತನ್ನ ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿ, ಹಾರವನ್ನು ಒಯ್ದು ಕುರಿಮರಿಗೆ ತಿನ್ನಿಸಿದಳು.

"ನಾನಿನ್ನೂ ಮುದ್ದೆ ಉಣ್ತಾ ಇದೀನಿ ಕಣಪ್ಪ. ಹೋದ್ಮ್ಯಾಲೆ ನೀನೇ ಕುಂಕ್ಮ ಇಡು, ಹಾರ ಹಾಕು," ಎಂದಳು. ನಾನು ಆಗಲಿ ಎಂದೆ.

ಇಷ್ಟು ಮಾತಾಡುವವಳು ಆ ಫೋಟೋದ ಬಲತುದಿಗೆ ಬಂದಾಗ ಮಾತ್ರ ಸುಮ್ಮನಾಗುತ್ತಿದ್ದಳು. ಅಲ್ಲಿ ಸುತ್ತ ಅಂಟಿಸಿದ ರಟ್ಟಿನ ಅಂಚು ಬಿಟ್ಟರೆ ಏನೂ ಇರಲಿಲ್ಲ. ಒಂದು ದಿನ ನಾನೇ ಕೇಳಿದೆ. ಅವಳ ಗಂಡ ಅಲ್ಲೇ ನಿಂತಿದ್ದನಂತೆ. ಹಿರಿಯರ ಎದುರು ಗಂಡಹೆಂಡತಿ ಅಕ್ಕಪಕ್ಕ ನಿಲ್ಲುವಂತಿರಲಿಲ್ಲ. ಫೋಟೋದವನು ಒಳಗೆ ಬಾ ಎಂದು ಎಷ್ಟು ಕೈಬೀಸಿದರೂ ಆ ನಾಚಿಕೆಯ ಮನುಷ್ಯ ಸರಿದು ಸರಿದು ಸಾಲಿನ ಕೊನೆ ಸೇರಿದ್ದ. ಮುಂದೆ ಅವನು ಇನ್ನೊಂದು ಫೋಟೋ ತೆಗೆಸಿಕೊಳ್ಳಲೇ ಇಲ್ಲ. ಅವನ ಮುಖ ಈಗೀಗ ಸರಿಯಾಗಿ ನೆನಪಿಗೆ ಬರುತ್ತಿಲ್ಲ ಎಂದು ಅಜ್ಜಿ ಮೆಲ್ಲಗೆ ಹೇಳಿದಳು. ರಟ್ಟಿನ ಅಡಿಯಲ್ಲಿ ಅವನು ಮುಚ್ಚಿಹೋಗಿರಬಹುದು ಎನ್ನಿಸಿತು.

ಫೋಟೋಕ್ಕೆ ಕಟ್ಟು ಹಾಕುವ ಬಾಷಾ ಸಾಹೇಬರನ್ನು ಕರೆಸಿದೆ. ಅವರು ತಲೆಯಾಡಿಸಿದರು. ರಟ್ಟು ಫೋಟೋಕ್ಕೆ ಕಚ್ಚಿಕೊಂಡಿದೆ, ಬಿಡಿಸಲು ಹೋದರೆ ಎಲ್ಲಿಂದ ಎಲ್ಲಿಗೆ ಹರಿಯುತ್ತದೋ ಹೇಳಲಾಗದು, ಅಜ್ಜಿಯ ಮುಖವೂ ಹೋಗಬಹುದು ಎಂದರು. ಇದ್ದ ಪ್ರತಿ ಅದೊಂದೇ. ನಾನು ಬೇಡವೆನ್ನುವಷ್ಟರಲ್ಲಿ ಅಜ್ಜಿ ಮುಂದೆ ಬಂದಳು.

"ನನ್ ಮಕ ಹರಿದ್ರೆ ಹರೀಲಿ ಬಿಡ್ರಿ ಸಾಬ್ರೆ. ನಾನ್ ಹೆಂಗಿದ್ದೆ ಅಂತ ನಂಗೆ ಗೊತ್ತೈತೆ. ಅವ್ನು ಕಂಡ್ರೆ ಸಾಕು."

ಸಾಹೇಬರು ಉಸಿರು ಬಿಗಿಹಿಡಿದು ರಟ್ಟು ಬಿಡಿಸಿದರು. ಬಸ್ಸಿನ ಒಂದು ಚಕ್ರ ಹೋಯಿತು, ಅಜ್ಜಿಯ ಮುಖ ಉಳಿಯಿತು. ಬಲತುದಿಯಲ್ಲಿ ಹೆಗಲ ಮೇಲಿನ ಕಂಬಳಿ, ಒಂದು ಕಿವಿ, ಒಂದು ಕಣ್ಣು, ಅರ್ಧ ಮೀಸೆ ಕಂಡವು. ಉಳಿದರ್ಧ ಆ ದಿನವೇ ಚಿತ್ರದಿಂದ ಆಚೆ ಉಳಿದಿತ್ತು. ಅಜ್ಜಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ನಕ್ಕಳು.

"ಇನ್ನೊಂದು ಹೆಜ್ಜೆ ಇತ್ಲಾಗೆ ಬಂದಿದ್ರೆ ನಿನ್ ಗಂಟೇನ್ ಹೋಗ್ತಿತ್ತು?" ಎಂದು ಗಂಡನನ್ನು ಗದರಿದಳು.

ರಟ್ಟಿಲ್ಲದೆ ಹೊಸ ಕಟ್ಟು ಹಾಕಿಸಿದೆವು. ಅಂದಿನಿಂದ ಅವಳ ಮಾತುಕತೆ ಬಲತುದಿಯಿಂದಲೇ ಶುರುವಾಗುತ್ತಿತ್ತು. ಪಟೇಲರ ಸರದಿ ಬರುವಷ್ಟರಲ್ಲಿ ನನಗೆ ಬಾಗಿಲು ಹಾಕುವ ಹೊತ್ತಾಗಿರುತ್ತಿತ್ತು.

ಅಜ್ಜಿ ತೀರಿಕೊಂಡ ವರ್ಷ, ಮಹಾಲಯ ಅಮಾವಾಸ್ಯೆಯ ದಿನ, ಕೊಟ್ಟ ಮಾತಿನಂತೆ ನಾನೇ ಹಾರ ತಂದೆ. ಮೆಟ್ಟಿಲು ಖಾಲಿಯಿತ್ತು. ಗೋಡೆ ತುಂಬ ಜನರಿದ್ದರೂ ಕೋಣೆಯಲ್ಲಿ ಮಾತಿರಲಿಲ್ಲ. ಫೋಟೋಕ್ಕೆ ಹಾರ ಹಾಕಿ, ಹೊಸ ಸೊಸೆಯ ಹಣೆಗೆ ಕುಂಕುಮವಿಟ್ಟು ಬಲತುದಿಗೆ ಬಂದೆ. ಅವನ ಹಣೆ ಅರ್ಧವೇ ಇತ್ತು. ಗಾಜಿನ ಮೇಲೆ ಅರ್ಧ ಬೊಟ್ಟಿಟ್ಟು, ಉಳಿದರ್ಧವನ್ನು ಮರದ ಕಟ್ಟಿನ ಮೇಲೆ ಇಟ್ಟೆ.