ಸ್ವೆಟರ್ ಹಾಕಿಕೊಂಡು ಆರಿಸಿದ ಹಸಿರುಮನೆ

ಹಸಿರುಮನೆ ಆರಿಸಲು ಹೋಗುವಾಗ ದಯವಿಟ್ಟು ಸ್ವೆಟರ್ ಹಾಕಿಕೊಂಡು ಹೋಗಬೇಡಿ. ನಾನು ಹೋಗಿದ್ದೆ. ಅದರ ಫಲವನ್ನು ಕಳೆದ ವಾರ ಕಣ್ಣಾರೆ ನೋಡಿ ಬಂದೆ.

ಜನವರಿಯ ಮಾತು. ಭಾಲ್ಕಿ ಕಡೆಯ ಒಂದು ಶಾಲೆಗೆ ಹಸಿರುಮನೆ ಮಂಜೂರಾಗಿತ್ತು. ಮಕ್ಕಳ ಪಾಠಕ್ಕೂ ಆಗಬೇಕು, ಊರಿನ ರೈತರಿಗೆ ಮೆಣಸಿನಕಾಯಿ, ಟೊಮೆಟೊ ಸಸಿ ಬೆಳೆದು ಕೊಡಲಿಕ್ಕೂ ಆಗಬೇಕು. ವಿಜ್ಞಾನದ ರೆಹಾನಾ ಟೀಚರ್ ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿ ತಂದದ್ದು. ಆರಿಸಲು ಮೂವರ ಕಮಿಟಿ: ಹೆಡ್‌ಮಾಸ್ತರರು, ಟೀಚರ್, ನಾನು. (ಪೇಪರಿನಲ್ಲಿ ಬರೆಯುವವನಿಗೆ ಎಲ್ಲಾ ಗೊತ್ತಿರುತ್ತದೆ ಎಂಬ ನಂಬಿಕೆ ಬೀದರಿನಲ್ಲಿ ಇನ್ನೂ ಉಳಿದಿದೆ.)

ಮೊದಲು ಔರಾದ್ ಹತ್ತಿರ ಸಸಿ ಬೆಳೆದು ಮಾರುವ ಕಾಶಮ್ಮನವರ ಹೊಲಕ್ಕೆ ಹೋದೆವು. ಎತ್ತರದ ಚಾವಣಿ. ಬೇಸಿಗೆಗೆ ನೆರಳು ಬಲೆ, ಮಳೆಗಾಲಕ್ಕೆ ಅದರ ಮೇಲೆ ಪ್ಲಾಸ್ಟಿಕ್, ಎರಡೂ ಬದಿಗೆ ಸುತ್ತಿ ಮೇಲೇರಿಸುವ ಪರದೆ. ಎಲ್ಲಾ ಕಾಲಕ್ಕೂ ಸೈ. ಆದರೆ ಗಾಳಿ ಬರ್ರೆಂದು ನುಗ್ಗುತ್ತಿತ್ತು. ಬೀದರಿನ ಚಳಿ ನಿಮಗೆ ಗೊತ್ತಲ್ಲ? ಐದೇ ನಿಮಿಷಕ್ಕೆ ಹೊರಬಿದ್ದೆವು.

“ಈಗ ಆರಿಸಬ್ಯಾಡ್ರಿ ಸಾಹೇಬ್ರ,” ಅಂದರು ಕಾಶಮ್ಮ. “ಬ್ಯಾಸಗ್ಯಾಗ ಮಧ್ಯಾನ ಬರ್ರಿ. ಒಳಗ ಅರ್ಧಾ ತಾಸು ಕುಂದರ್ರಿ. ಆಮ್ಯಾಲ ಹೇಳ್ರಿ.”

ನಾವು ನಕ್ಕೆವು.

ಬೀದರಿಗೆ ಬಂದು ಡೀಲರ್ ಒಬ್ಬರ ಸ್ಯಾಂಪಲ್ ನೋಡಿದೆವು. ನಾಲ್ಕೂ ಕಡೆ ಪ್ಲಾಸ್ಟಿಕ್, ತಗ್ಗಿನ ಚಾವಣಿ, ಒಂದೇ ಬಾಗಿಲು. ಒಳಗೆ ಕಾಲಿಟ್ಟರೆ ಆಹಾ, ಎಷ್ಟು ಬೆಚ್ಚಗೆ! ಕುರ್ಚಿ ಹಾಕಿ ಚಹಾ ಕೊಟ್ಟರು. ನಾನು ಮಫ್ಲರ್ ಬಿಚ್ಚಿದೆ. “ಇದೇ ಇರಲಿ” ಎಂದು ಮೊದಲು ಅಂದವನೂ ನಾನೇ.

“ಗಾಳಿ ಎಲ್ಲಿಂದ ಬರ್ತದರಿ ಸರ್?” ಅಂದರು ಟೀಚರ್. ಗಾಳಿ ಬೇಡ ಅಂತಲೇ ಅಲ್ಲವೇ ನಾವು ಇದನ್ನು ಆರಿಸುತ್ತಿರುವುದು, ಅಂದೆ ನಾನು. ಹೆಡ್‌ಮಾಸ್ತರರೂ ಹೌದೆಂದು ತಲೆಯಾಡಿಸಿದರು. ಅದೇ ಶಾಲೆಯ ಅಂಗಳಕ್ಕೆ ಬಂತು.

ಮೇ ಬಂತು. ರಜೆಯಲ್ಲೂ ಮಕ್ಕಳು ಪಾಳಿ ಹಚ್ಚಿಕೊಂಡು ನೀರು ಹಾಕಿದರು. ಒಂದೊಂದು ಟ್ರೇಗೂ ಒಂದೊಂದು ಮಗುವಿನ ಹೆಸರಿನ ಚೀಟಿ. ಕಳೆದ ವಾರ ನಾನು ಹೋದಾಗ ಚೀಟಿಗಳಷ್ಟೇ ನೆಟ್ಟಗಿದ್ದವು. ಸಸಿಗಳೆಲ್ಲ ಬೆಂದು ಟ್ರೇಗೆ ಅಂಟಿಕೊಂಡಿದ್ದವು. ಒಳಗೆ ಎರಡು ನಿಮಿಷ ನಿಲ್ಲಲು ನನ್ನಿಂದ ಆಗಲಿಲ್ಲ. ಸಸಿ ಒಯ್ಯಲು ಬಂದಿದ್ದ ರೈತರು ಖಾಲಿ ಬುಟ್ಟಿ ಹಿಡಿದು ತಿರುಗಿ ಹೋದರು. ಇದನ್ನು ಬಿಚ್ಚಿ ಬೇರೆ ಕೊಡುತ್ತಾರೆಯೇ? ಯಾರು ಕೊಡುತ್ತಾರೆ? ಶಾಲೆಗೆ ಹಸಿರುಮನೆ ಕೊಟ್ಟಾಗಿದೆ ಎಂದು ಕಾಗದ ಹೇಳುತ್ತದೆ.

ಟೀಚರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಏಳನೆಯ ತರಗತಿಯ ಸುಜಾತಾಳ ಪ್ರಯೋಗದ ನೋಟ್‌ಬುಕ್ ತೆರೆದು ನನ್ನ ಕೈಗಿಟ್ಟರು.

‘ಸಸಿ ಸಾಯಲು ಕಾರಣ: ನಾನು ಸರಿಯಾಗಿ ನೀರು ಹಾಕಲಿಲ್ಲ.’

“ದಿನಾ ಎರಡ್ ಸಲ ಹಾಕ್ಯಾಳ್ರಿ ಸರ್. ನಾ ಎಷ್ಟ್ ಹೇಳಿದ್ರೂ ಕೇಳವಲ್ಲಳು. ನೀವರೆ ಹೇಳ್ರಿ,” ಅಂದರು.

ಸುಜಾತಾ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಪೆನ್ನು ತೆಗೆದೆ. ಅವಳ ಸಾಲು ಹೊಡೆದು ಹಾಕಿ ‘ಬಿಸಿಲು ಹೆಚ್ಚಾಗಿತ್ತು’ ಎಂದು ಬರೆದೆ.

ವಾರವಾರವೂ ಊರವರ ತಪ್ಪು ಬರೆಯುವ ಈ ಕೈಗೆ, ಅಲ್ಲಿ ನನ್ನ ತಪ್ಪು ಬರೆಯಲು ಯಾಕೆ ಆಗಲಿಲ್ಲ?