ಹುಳು ಮನೆಯಲ್ಲಿ ಮಾಡಿದ ಆಫೀಸು

ಒದ್ದೆ ಗೋಣಿಚೀಲಕ್ಕೆ ಅದರದ್ದೇ ಒಂದು ವಾಸನೆಯಿದೆ. ಮೊನ್ನೆ ಬಿಸಿಲು ಜೋರಾಯಿತೆಂದು ಆಫೀಸಿನ ಪಡುವಣ ಕಿಟಕಿಗೆ ಗೋಣಿ ಕಟ್ಟಿ ನೀರು ಚಿಮುಕಿಸಿದೆ. ಆ ವಾಸನೆ ಒಳಗೆ ಬಂದದ್ದೇ, ಅತ್ತಿಗೆ ಆಫೀಸಿಗೆ ಬಂದ ಕೊನೆಯ ದಿನ ನೆನಪಾಯಿತು. ಅವತ್ತು ಗೋಣಿ ಕಟ್ಟಿದವರು ಅವರೇ. ಸ್ಟೂಲಿನಿಂದ ಇಳಿದು, ಸೆರಗಿಗೆ ಕೈ ಒರೆಸಿಕೊಂಡು, ಬಾಗಿಲಲ್ಲಿ ನಿಂತು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. "ಈಗ ಸರಿಯಾಯ್ತು" ಎಂದು ಮನೆಗೆ ಹೋದರು. ಮಾಮೂಲಿ ದಿನ...

ಜಡಿಗೇನಹಳ್ಳಿ ಹತ್ತಿರ ನಮ್ಮದು ತರಕಾರಿ ಸಸಿಗಳ ನರ್ಸರಿ. ಅಣ್ಣ ಸಸಿ ನೋಡಿಕೊಳ್ಳುತ್ತಾನೆ, ನಾನು ಆಫೀಸು. ರೈತರು ಫೋನಿನಲ್ಲಿ ಹೇಳುವ ಆರ್ಡರು ಬರೆದುಕೊಳ್ಳಲು ಮಂಜುಳ ಮತ್ತು ಅವಳ ಗೆಳತಿ ಇದ್ದಾರೆ. ಮೊದಲು ಆಫೀಸು ಗೇಟಿನ ಪಕ್ಕದ ಶೀಟಿನ ಕೋಣೆಯಲ್ಲಿತ್ತು. ಟೇಬಲ್ಲುಗಳು ಗೋಡೆಗೆ ಮುಖ ಮಾಡಿದ್ದವು. ಬೆನ್ನ ಹಿಂದೆ ಲಾರಿ ಸದ್ದು, ತಲೆಯ ಮೇಲೆ ಕಾದ ಶೀಟು. ಮಧ್ಯಾಹ್ನವಾದರೆ ಎಲ್ಲರಿಗೂ ತಲೆನೋವು. ಟೊಮೇಟೊ ಕೇಳಿದವರಿಗೆ ಬದನೆ ಸಸಿ ಹೋಗುತ್ತಿತ್ತು. ಅಷ್ಟರಲ್ಲಿ ಹೊಸಕೋಟೆ ಕಡೆಯ ಗೋಡೌನೊಂದರಿಂದ ಇಬ್ಬರು ಹುಡುಗಿಯರಿಗೂ ಕೆಲಸಕ್ಕೆ ಕರೆ ಬಂತು. ಅಲ್ಲಿ ಏಸಿ ಇದೆ, ಮನೆ ಹತ್ತಿರಕ್ಕೇ ವ್ಯಾನು ಬರುತ್ತದೆ. ಇವರು ಹೋಗಿಬಿಟ್ಟರೆ ಆ ಸೀಸನ್ನು ನಮ್ಮ ಕೈತಪ್ಪಿದಂತೆಯೇ ಇತ್ತು.

ಅಣ್ಣ ಶೀಟಿನ ಕೋಣೆಗೇ ಏಸಿ ಹಾಕಿಸುತ್ತೇನೆ ಎಂದ.

"ಕಾದ ಬಾಣಲೆಗೆ ಏಸಿ ಹಾಕಿಸ್ತೀರಾ?" ಎಂದು ಅತ್ತಿಗೆ ನಕ್ಕರು. ಒಳಗೆ ಹೋಗಿ ಹುಳು ಮನೆಯ ಬೀಗದ ಕೈ ತಂದರು. ಮಂಜುಳನಿಗೆ, "ಯುಗಾದಿ ತನಕ ಇರಮ್ಮ, ಆಮೇಲೂ ಬೇಡ ಅನ್ಸಿದ್ರೆ ನಾನೇ ವ್ಯಾನು ಹತ್ತಿಸ್ತೀನಿ" ಎಂದರು.

ಹುಳು ಮನೆಯೆಂದರೆ ಅತ್ತಿಗೆ ವರ್ಷಗಟ್ಟಲೆ ರೇಷ್ಮೆ ಹುಳು ಸಾಕಿದ್ದ ಕಟ್ಟಡ. ಹಿಪ್ಪುನೇರಳೆ ತೋಟ ತೆಗೆದು ನರ್ಸರಿ ಮಾಡಿದ ಮೇಲೆ ಮುಚ್ಚಿಯೇ ಇತ್ತು. ದಪ್ಪ ಗೋಡೆ, ಎತ್ತರದ ಹೆಂಚಿನ ಸೂರು, ಎದುರುಬದುರು ಕಿಟಕಿ, ಮುಂದೆ ಜಗಲಿ. "ಹುಳಕ್ಕೆ ಇಷ್ಟು ಸುಖ ಮಾಡ್ಕೊಟ್ಟಿದ್ವಲ್ಲಪ್ಪ, ಮನುಷ್ಯರೇನು ಪಾಪ ಮಾಡಿದ್ರು?" ಎಂದು ನನ್ನನ್ನು ಕೇಳಿದರು.

ಆಗ ಅವರೆಕಾಯಿ ಕಾಲ. ಅತ್ತಿಗೆ ಮೊರ ಹಿಡಿದು ಬಂದು, ಟೇಬಲ್ಲು ಹಾಕಬಹುದಾದ ಒಂದೊಂದು ಜಾಗದಲ್ಲೂ ಕೂತು ಕಾಯಿ ಬಿಡಿಸಿದರು. ಒಂದು ಕಡೆ ಕಣ್ಣಿಗೆ ಬಿಸಿಲು ಹೊಡೆಯಿತು, ಬೇಡ ಎಂದರು. ಇನ್ನೊಂದು ಕಡೆ ಅವರದೇ ನೆರಳು ಮೊರದ ಮೇಲೆ ಬಿತ್ತು, ಅದೂ ಬೇಡ. ಕೊನೆಗೆ ಬೆಳಕು ಎಡಗಡೆಯಿಂದ ಬರುವ ಹಾಗೆ ಟೇಬಲ್ಲು ಹಾಕಿಸಿದೆವು. ಫೋನಿನವರು ಒಳಮೂಲೆಗೆ, ಬಂದ ರೈತರು ಜಗಲಿಯ ಬೆಂಚಿಗೆ. ಕುಳ್ಳಗಿರುವ ಮಂಜುಳನ ಕಾಲಡಿಗೆ ಒಂದು ಮಣೆ.

ಎಲ್ಲವೂ ಸರಿಹೋಯಿತು ಅಂತಲ್ಲ. ಹುಳುವಿನ ತಟ್ಟೆಗಳಿಗೆ ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು ವಾಡಿಕೆ. ಅತ್ತಿಗೆ ಅದೇ ರೂಢಿಯಲ್ಲಿ ನಮ್ಮ ಟೇಬಲ್ಲುಗಳ ಕಾಲಿಗೂ ಬಟ್ಟಲು ಇಟ್ಟು ನೀರು ತುಂಬಿಸಿದ್ದರು. ಮೊದಲ ದಿನವೇ ಮಂಜುಳನ ಕಾಲು ತಗುಲಿ ಬಟ್ಟಲು ಉರುಳಿತು. ನೀರು ನೆಲದ ಮೇಲಿದ್ದ ಪ್ಲಗ್ ಬಾಕ್ಸಿಗೆ ಹರಿದು, ಫಟ್ ಎಂದು ಕರೆಂಟು ಹೋಯಿತು.

"ಅಕ್ಕಾ, ಇರುವೆ ಬಂದು ನನ್ನನ್ನ ಹೊತ್ಕೊಂಡು ಹೋಗ್ತಿದ್ವಾ?" ಮಂಜುಳ ಕೇಳಿದಳು.

"ನೀನಿರೋ ಸೈಜಿಗೆ ಹೊತ್ಕೊಂಡು ಹೋದ್ರೂ ಹೋದಾವು ಕಣೇ!" ಎಂದರು ಅತ್ತಿಗೆ.

ಆಮೇಲೆ ಇಬ್ಬರೂ ನಕ್ಕಿದ್ದು ಜಗಲಿಯವರೆಗೂ ಕೇಳಿಸಿತು.

ಯುಗಾದಿ ಕಳೆಯಿತು. ಗೋಡೌನಿನ ವ್ಯಾನು ನಮ್ಮ ಗೇಟಿಗೇ ಬಂತು, ಹಾರನ್ ಹೊಡೆಯಿತು, ಹೋಯಿತು. ಮಂಜುಳ ತಲೆ ಎತ್ತದೆ ಆರ್ಡರು ಬರೆಯುತ್ತಲೇ ಇದ್ದಳು. ಅತ್ತಿಗೆ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು.

ಹುಳು ಸಾಕುವವರು ಬೆಳಿಗ್ಗೆ ಸೊಪ್ಪು ಹಾಕುವ ಮೊದಲು ಹುಳುವನ್ನು ನೋಡುತ್ತಾರೆ, ಚುರುಕಾಗಿದೆಯೋ ಮಂಕಾಗಿದೆಯೋ ಎಂದು. ಅತ್ತಿಗೆ ನಮ್ಮನ್ನೂ ಹಾಗೇ ನೋಡುತ್ತಿದ್ದರು. ಬಂದವರು ಮೊದಲು ಆರ್ಡರು ಎಷ್ಟಾಯಿತು ಎಂದು ಕೇಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, "ಯಾಕಪ್ಪಾ, ಬಾಡಿದ್ದೀಯ? ಆ ಕಿಟಕಿ ತೆಗಿ" ಎನ್ನುತ್ತಿದ್ದರು. ಕಿಟಕಿ ತೆಗೆದರೆ ನಿಜಕ್ಕೂ ಹಾಯೆನಿಸುತ್ತಿತ್ತು...

ಗೋಣಿ ಕಟ್ಟಿಹೋದ ಮರುದಿನ ಬೆಳಿಗ್ಗೆ ಅತ್ತಿಗೆ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಹೊಸಕೋಟೆಯ ಆಸ್ಪತ್ರೆ ಮುಟ್ಟುವವರೆಗೂ ಅವರ ಜೀವ ಉಳಿಯಲಿಲ್ಲ.

ಈಗ ಯಾರಾದರೂ ಆಫೀಸು ಮಾಡಬೇಕೆಂದರೆ ನನ್ನನ್ನು ಕೇಳುತ್ತಾರೆ. ನಾನು ಧೈರ್ಯವಾಗಿಯೇ ಹೇಳುತ್ತೇನೆ: ಮೊದಲು ಅಲ್ಲಿ ಹೋಗಿ ಒಂದು ಹೊತ್ತು ಕೂತು ಏನಾದರೂ ಕೆಲಸ ಮಾಡಿ, ಆಮೇಲೆ ಟೇಬಲ್ಲು ತನ್ನಿ. ನಮ್ಮ ಆಫೀಸಿಗೇನೂ ಕೊರತೆಯಿಲ್ಲ. ಮಂಜುಳ ಇದ್ದಾಳೆ, ಅವಳ ಗೆಳತಿಯೂ ಇದ್ದಾಳೆ. ಟೊಮೇಟೊ ಕೇಳಿದವರಿಗೆ ಟೊಮೇಟೊವೇ ಹೋಗುತ್ತದೆ. ಗಾಳಿ ಬರುತ್ತದೆ, ಬೆಳಕು ಎಡಗಡೆಯಿಂದ ಬೀಳುತ್ತದೆ.

ಮೊನ್ನೆ ಗೋಣಿ ಕಟ್ಟಿ ಸ್ಟೂಲಿನಿಂದ ಇಳಿದವನು ಬಾಗಿಲ ಕಡೆ ನೋಡಿದೆ. ನಾನು ಬಾಡಿದ್ದೇನೆಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.