ಇನ್ನೊಂದು ಸುತ್ತು

ಆ ಬಡಾವಣೆಯಲ್ಲಿ ಸೋರದಣ್ಣ ಎಂದರೆ ಯಾರಿಗೆ ಗೊತ್ತಿಲ್ಲ? ಹುಟ್ಟಿದಾಗ ಇಟ್ಟ ಹೆಸರು ಅವನ ಹೆಂಡತಿಗೂ ಮರೆತುಹೋಗಿರಬೇಕು. ಅವನು ಜೋಡಿಸಿದ ಪೈಪು ಸೋರಿದ್ದನ್ನು ಕಂಡವರಿಲ್ಲ, ಅದಕ್ಕೇ ಆ ಅಡ್ಡಹೆಸರು. ಗುಟ್ಟೇನೂ ದೊಡ್ಡದಲ್ಲ ಬಿಡಿ. ಬೇರೆ ಪ್ಲಂಬರುಗಳು ಸಾಕೆಂದು ಪಾನಾ ಕೆಳಗಿಡುವ ಜಾಗದಲ್ಲಿ ಅವನು ಉಸಿರು ಬಿಗಿಹಿಡಿದು "ಇನ್ನೊಂದು ಸುತ್ತು" ಎನ್ನುತ್ತಿದ್ದ. ಹೊಳೆಯುವ ನಲ್ಲಿಗೆ ಗೀರು ಬೀಳದಿರಲೆಂದು ಪಾನಾದ ಬಾಯಿಗೆ ಹಳೆಯ ನೀಲಿ ಟವಲಿನ ತುಂಡು ಸುತ್ತಿಕೊಳ್ಳುವುದು ಅವನ ರೂಢಿ. ಬೇರೆ ಯಾರೂ ಅಷ್ಟು ನಾಜೂಕು ಮಾಡುತ್ತಿರಲಿಲ್ಲ.

ಈ ಚಾಳಿ ಮನೆಯೊಳಗೂ ನಡೆದೇ ಇತ್ತು. ಅವನು ಮುಚ್ಚಿಟ್ಟ ಸಕ್ಕರೆ ಡಬ್ಬಿಯನ್ನು ತೆಗೆಯಲು ಅವನೇ ಬರಬೇಕು. ಅಡುಗೆಮನೆಯಿಂದ ಹೆಂಡತಿ ದಿನಾ ಬೈಯುತ್ತಿದ್ದಳು: "ಇದೇನು ಸಕ್ಕರೆ ಡಬ್ಬೀನಾ, ಬ್ಯಾಂಕಿನ ತಿಜೋರೀನಾ? ಬನ್ರೀ ಇಲ್ಲಿ!" ಅವನು ಹೋಗಿ, ಒಂದೇ ಏಟಿಗೆ ತೆಗೆದು, ಮೀಸೆಯೊಳಗೇ ನಗುತ್ತಿದ್ದ.

ಅವನಿಗೆ ಅರ್ಥವಾಗದೆ ಉಳಿದದ್ದು ಮಗಳ ಕೆಲಸ ಒಂದೇ. ಇನ್ನೂ ಪಾಯವನ್ನೇ ತೆಗೆಯದ ಮನೆಗಳನ್ನು ಅವಳು ಕಂಪ್ಯೂಟರಿನೊಳಗೆ ಕಟ್ಟುತ್ತಿದ್ದಳು. ಕೋಣೆ ಕೋಣೆಗೂ ಬಿಸಿಲು ಬೀಳಿಸಿ, ಒಳಗೆಲ್ಲ ನಾವೇ ಓಡಾಡಿದ ಹಾಗೆ ಸಿನಿಮಾ ಮಾಡಿ ಬಿಲ್ಡರುಗಳಿಗೆ ಕೊಡುತ್ತಿದ್ದಳು. "ಇಲ್ಲದ ಮನೆಗೆ ಸುಣ್ಣ ಬಳಿಯೋ ಕೆಲಸ" ಎಂದು ಅವನು ತಮಾಷೆ ಮಾಡಿದರೆ ಅವಳ ಮುಖ ಊದಿಕೊಳ್ಳುತ್ತಿತ್ತು. ಯಾರದೋ ಕೈಕೆಳಗೆ ದುಡಿದು ಸಾಕಾಗಿ, ಆಫೀಸು ಬಿಟ್ಟು, ಬಿಡಿ ಭಾಗಗಳನ್ನು ತಂದು ತಾನೇ ಒಂದು ಕಂಪ್ಯೂಟರ್ ಕಟ್ಟಿಕೊಂಡಿದ್ದಳು. ದೊಡ್ಡ ಬಿಲ್ಡರೊಬ್ಬ ಮೊದಲ ಕೆಲಸ ಕೊಟ್ಟಿದ್ದ. ಸೋಮವಾರದೊಳಗೆ ಸಿನಿಮಾ ಮುಗಿಸಿ ಕೊಡಬೇಕು. ಮೆಚ್ಚಿದರೆ ಮುಂದಿನ ಕೆಲಸವೆಲ್ಲ ಇವಳಿಗೇ ಎಂದಿದ್ದ.

ಆದರೆ ಆ ಯಂತ್ರ ಕೆಲಸಕ್ಕಿಳಿದರೆ ಸಾಕು, ಕೆಂಡದಂತೆ ಕಾಯುತ್ತಿತ್ತು. ಒಳಗಿನ ಫ್ಯಾನು ಹೊಡೆದುಕೊಳ್ಳುವ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡಿದ್ದರು.

"ಏನೇ ಇದು, ಮನೆಯೊಳಗೆ ವಿಮಾನ ಇಳಿಸ್ತಾ ಇದೀಯಾ?" ಎಂದಳು ತಾಯಿ.

"ಬಿಸಿ ತಡೀತಿಲ್ಲ ಅಮ್ಮ. ಫ್ಯಾನ್ ತೆಗೆದು ನೀರಿನ ಕೂಲಿಂಗ್ ಹಾಕ್ಬೇಕು."

ನೀರು ಎಂದದ್ದೇ ತಡ, ಪೇಪರ್ ಓದುತ್ತಿದ್ದ ಸೋರದಣ್ಣನ ಕಿವಿ ನೆಟ್ಟಗಾಯಿತು. ಮಗಳು ವಿವರಿಸಿದಳು: ಬಿಸಿಯಾಗುವ ಚಿಪ್ ಮೇಲೆ ಲೋಹದ ಬಿಲ್ಲೆ ಕೂರುತ್ತದೆ, ಅದರೊಳಗೆ ನೀರು ಹರಿದು ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ, ರೇಡಿಯೇಟರಿನಲ್ಲಿ ತಣ್ಣಗಾಗಿ ಪಂಪಿನಿಂದ ಮತ್ತೆ ವಾಪಸ್ಸು ಬರುತ್ತದೆ.

"ಇಷ್ಟೇನಾ?"

"ಇಷ್ಟೇ."

ಅಯ್ಯೋ, ಅವನ ಖುಷಿ ಏನು ಹೇಳಲಿ! ಇಷ್ಟು ವರ್ಷ ಮಗಳ ಕಂಪ್ಯೂಟರಿನ ಮುಂದೆ ಪೆದ್ದನ ಹಾಗೆ ನಿಂತು ಬಂದಿದ್ದವನು ಅವನು. ಈಗ ಮಗಳ ಲೋಕಕ್ಕೆ ಒಂದು ಬಾಗಿಲು ಸಿಕ್ಕಿತ್ತು, ಅದೂ ತನ್ನದೇ ಕಸುಬಿನ ಬಾಗಿಲು. ಅಂದೇ ಚಹಾ ಅಂಗಡಿಯಲ್ಲಿ "ನಮ್ಮ ಹುಡುಗಿ ಕಂಪ್ಯೂಟರಿಗೆ ನಾನೇ ಪೈಪ್‌ಲೈನ್ ಹಾಕ್ತಿರೋದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿ ಬಂದ.

ಮಾರನೆಯ ದಿನ ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಪರಿಚಿತನೇ, ಅವನ ಮನೆಯ ಬಚ್ಚಲಿನ ಪೈಪು ಸೋರದಣ್ಣನದೇ ಕೆಲಸ. ಕೌಂಟರಿನ ಮೇಲೆ ಎರಡು ಬಗೆ ತೆಗೆದಿಟ್ಟ. ಒಂದು, ಕಾರ್ಖಾನೆಯಲ್ಲೇ ನೀರು ತುಂಬಿ ಸೀಲು ಮಾಡಿದ್ದು. ತಂದು ಕೂರಿಸಿ ನಾಲ್ಕು ಸ್ಕ್ರೂ ಹಾಕಿದರೆ ಮುಗಿಯಿತು. ಇನ್ನೊಂದು ಬಿಡಿ ಬಿಡಿಯಾಗಿ ಕೊಂಡು ನಾವೇ ಜೋಡಿಸುವಂಥದ್ದು. ಅದರ ಬಿಲ್ಲೆಗೆ ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ಕಿನ ಮುಚ್ಚಳ, ಒಳಗೆ ನೀರು ಓಡುವುದೆಲ್ಲ ಕಾಣುತ್ತದೆ.

"ನಂಗೆ ಸೀಲ್ ಮಾಡಿದ್ದೇ ಸಾಕು. ಸೋಮವಾರದ ಕೆಲಸ ಇದೆ, ರಿಸ್ಕ್ ಬೇಡ" ಎಂದಳು ಮಗಳು.

"ಒಳಗೆ ಯಾವನು ಏನು ಜೋಡಿಸಿದ್ದಾನೋ! ಕಣ್ಣಿಗೆ ಕಾಣದ ನೀರನ್ನ ನಂಬೋದಾ? ಪೈಪಿನವನ ಮಗಳಾಗಿ ಡಬ್ಬದೊಳಗಿನ ನೀರು ತಗೊಳ್ತೀಯಾ? ನಾನಿಲ್ವಾ?"

ಮಗಳು ಒಮ್ಮೆ ಆ ಡಬ್ಬವನ್ನು ನೋಡಿದಳು, ಒಮ್ಮೆ ಅಪ್ಪನ ಮುಖ ನೋಡಿದಳು. ಆ ಮುಖದ ಹುರುಪಿಗೆ ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. "ಸರಿ, ಬಿಡಿಯದ್ದೇ ಕೊಡಿ" ಎಂದಳು.

ಅಂಗಡಿಯವನು ಪೈಪು ಸೇರುವ ತಿರುಪೊಂದನ್ನು ಎತ್ತಿ ತೋರಿಸಿದ. "ನೋಡಿ ಅಣ್ಣ, ಇದರ ಬುಡದಲ್ಲಿ ರಬ್ಬರ್ ಬಳೆ ಇದೆ. ನೀರು ತಡೆಯೋದು ಬಳೆ, ಬಿಗಿ ಅಲ್ಲ. ಬೆರಳಲ್ಲಿ ತಿರುಗಿಸಿ, ನಿಂತ ಕಡೆ ಬಿಟ್ಟುಬಿಡಿ. ಪಾನಾ ಗೀನಾ ಮುಟ್ಟಿಸಲೇಬೇಡಿ."

"ಹೂಂ, ಹೂಂ" ಎಂದ ಸೋರದಣ್ಣ. ಮಾತು ಕಿವಿಯ ಮೇಲೆ ಬಿತ್ತು, ಒಳಗೆ ಇಳಿಯಲಿಲ್ಲ. ನಿನ್ನೆ ಮೊನ್ನೆ ಅಂಗಡಿ ತೆರೆದವನು ತನಗೆ ನೀರು ಕಟ್ಟುವುದನ್ನು ಹೇಳಿಕೊಡುತ್ತಾನಲ್ಲ ಎಂದು ಒಳಗೊಳಗೇ ನಗುವೂ ಬಂತು.

ರಜೆಯ ದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಕೆಲಸ ಶುರುವಾಯಿತು. ಅವಳು ಅಳತೆ ಹೇಳಿದಳು, ಅವನು ಪೈಪು ಕತ್ತರಿಸಿದ. ಕತ್ತರಿಸಿದ ಬಾಯಿ ಒಂದು ಎಳೆಯಷ್ಟೂ ಓರೆಯಾಗಿರಲಿಲ್ಲ. "ವಾಹ್ ಅಪ್ಪ, ವಿಡಿಯೋದಲ್ಲಿ ತೋರಿಸೋರಿಗೂ ಇಷ್ಟು ನೀಟಾಗಿ ಬರಲ್ಲ" ಎಂದಳು. ಮಗಳ ಬಾಯಿಂದ ಅಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ತಿರುಪುಗಳನ್ನೆಲ್ಲ ಅವಳೇ ಬೆರಳಿನಲ್ಲಿ ಕೂರಿಸಿದಳು. ಕಂಪ್ಯೂಟರಿಗೆ ಕರೆಂಟು ಕೊಡದೆ, ಪಂಪೊಂದನ್ನೇ ಓಡಿಸಿ, ಕೀಲು ಕೀಲಿನ ಕೆಳಗೂ ಕಾಗದ ಹಾಸಿದರು. ನೀರು ಓಡಿತು, ಕಾಗದ ಒಣಗಿಯೇ ಇತ್ತು. ಸಂಜೆಯವರೆಗೂ ಹೀಗೇ ಓಡಲಿ ಎಂದು ಹೇಳಿ ಅವಳು ಸ್ನಾನಕ್ಕೆ ಹೋದಳು.

ಸೋರದಣ್ಣ ಒಬ್ಬನೇ ಉಳಿದ. ಎಲ್ಲ ಸರಿಯಾಗಿತ್ತು. ಸುಮ್ಮನೆ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಪುಣ್ಯಾತ್ಮನ ಕೈ ಸುಮ್ಮನಿರಬೇಕಲ್ಲ! ಬಿಲ್ಲೆಯ ಮೇಲಿನ ತಿರುಪನ್ನು ಮುಟ್ಟಿ ನೋಡಿದ. ಬೆರಳಿಗೇ ಅಲ್ಲಾಡುತ್ತದೆ! ಇಷ್ಟು ಸಡಿಲ ಬಿಟ್ಟು ಯಾರಾದರೂ ನಿದ್ದೆ ಮಾಡುತ್ತಾರೆಯೇ? ಚೀಲದಿಂದ ಸಣ್ಣ ಪಾನಾ ತೆಗೆದ. ಬಾಯಿಗೆ ನೀಲಿ ಟವಲಿನ ತುಂಡು ಸುತ್ತಿದ. ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿದೆ ತಾನೇ ಎಂದು ಒಮ್ಮೆ ಆಲಿಸಿದ. ಇದನ್ನು ಮಾತ್ರ ಅವನು ಆಮೇಲೆ ತನಗೆ ತಾನೇ ಕ್ಷಮಿಸಿಕೊಳ್ಳಲಿಲ್ಲ. ಆಲಿಸಿದ್ದ ಎಂದರೆ, ಮಾಡಬಾರದ್ದು ಎಂದು ಗೊತ್ತಿತ್ತು ಎಂದೇ ಅರ್ಥ.

ಇನ್ನೊಂದು ಸುತ್ತು.

ಉಗುರು ಕತ್ತರಿಸಿದಂತೆ 'ಟಿಕ್' ಎಂಬ ಸಣ್ಣ ಸದ್ದು ಬಂತು. ಬಗ್ಗಿ, ಕನ್ನಡಕ ಹಾಕಿ, ತೆಗೆದು, ನೋಡಿದ. ಏನೂ ಕಾಣಲಿಲ್ಲ. ಕಾಗದವೂ ಒದ್ದೆಯಾಗಲಿಲ್ಲ. ಪಾನಾ ಚೀಲ ಸೇರಿತು, ಮಗಳು ಬರುವಷ್ಟರಲ್ಲಿ ಅವನು ಪೇಪರ್ ಬಿಡಿಸಿ ಕೂತಿದ್ದ.

ಕೆಲವು ದಿನ ಯಂತ್ರ ತಣ್ಣಗೆ, ಸದ್ದಿಲ್ಲದೆ ಓಡಿತು. ತಾಯಿ ಕೂಡ "ಪರವಾಗಿಲ್ಲ ಅಪ್ಪ ಮಗಳು" ಎಂದಳು. ಆದರೆ ಶನಿವಾರ ಸಂಜೆ ಮಗಳು ಇಡೀ ಸಿನಿಮಾವನ್ನು ಒಟ್ಟಿಗೆ ಓಡಿಸಿದಾಗ ನೀರು ಬಿಸಿಯೇರಿತು, ಪ್ಲಾಸ್ಟಿಕ್ಕು ಹಿಗ್ಗಿತು, ಕೂದಲೆಳೆಯ ಬಿರುಕು ಬಾಯಿ ಬಿಟ್ಟಿತು. ನೀರು ನೇರವಾಗಿ ಕೆಳಗಿದ್ದ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೆ ಇಳಿಯಿತು. ಪರದೆ ಕಪ್ಪಾಯಿತು. ಸುಟ್ಟ ವಾಸನೆ ಮನೆಯೆಲ್ಲ ತುಂಬಿತು.

ಫೈಲುಗಳ ನಕಲು ಬೇರೆ ಕಡೆ ಇತ್ತು, ಅದೇನೋ ಸರಿ. ಆದರೆ ಅದನ್ನು ಸಿನಿಮಾ ಮಾಡುವ ಯಂತ್ರವೇ ಸತ್ತಿತ್ತು. ಸೋಮವಾರ ಕೈ ತಪ್ಪಿತ್ತು. ಮಗಳು ಒದ್ದೆ ಬಟ್ಟೆ ಹಿಡಿದು ನೆಲದ ಮೇಲೆ ಕೂತುಬಿಟ್ಟಳು.

"ನನ್ನದೇ ತಪ್ಪು. ಆ ರಬ್ಬರ್ ಬಳೆ ಸರಿಯಾಗಿ ಕೂರಿಸಿರಲಿಲ್ಲ ಅನ್ಸುತ್ತೆ. ಅವಸರ ಮಾಡ್ದೆ."

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಬಾಯಿಗೆ ಬೀಗ ಬಿದ್ದಿದ್ದರೂ ವಾಸಿಯಿತ್ತು. ಆ ಬಾಯಿ ತೆರೆಯಿತು. ಮಗಳ ತಲೆ ಸವರಿ, ದೊಡ್ಡ ಮನುಷ್ಯನ ದನಿಯಲ್ಲಿ, "ಇರ್ಲಿ ಬಿಡು ಮಗಾ. ಕೆಲಸ ಕಲಿಯೋವಾಗ ಇದೆಲ್ಲ ಆಗುತ್ತೆ. ನಾನೇನೂ ಅಂದ್ಕೊಳ್ಳಲ್ಲ" ಎಂದಿತು.

ಕೇಳಿದಿರಾ? ತನ್ನ ತಪ್ಪಿಗೆ ಮಗಳನ್ನು ಕ್ಷಮಿಸಿದ! ಆ ಮಾತು ಬಾಯಿಂದ ಬಿದ್ದ ಕ್ಷಣವೇ ಅವನಿಗೆ ಮೈಯೆಲ್ಲ ಮುಳ್ಳೆದ್ದಂತಾಯಿತು.

ಬೆಳಿಗ್ಗೆ ಅವಳು ಮೇಜಿನ ಮುಂದೆ ಕೂತು ಎಲ್ಲವನ್ನೂ ಬಿಚ್ಚಿದಳು. ಅವನು ಪೇಪರಿನ ಮರೆಯಿಂದ ನೋಡುತ್ತಿದ್ದ. ಬಿಲ್ಲೆಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ತಿರುಗಿಸಿದಳು. ಆಮೇಲೆ ಅದನ್ನು ಕವರಿಗೆ ಹಾಕಿ, "ಅಪ್ಪ, ಅಂಗಡಿಗೆ ಹೋಗಿ ಬರೋಣ್ವಾ?" ಎಂದಳು. ಕವರನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು.

ಭಾನುವಾರದ ಅಂಗಡಿ, ಬಡಾವಣೆಯ ಗಿರಾಕಿಗಳೇ ತುಂಬಿದ್ದರು. ಅಂಗಡಿಯವನು ಬಿಲ್ಲೆಯನ್ನು ದೀಪದ ಕೆಳಗೆ ಹಿಡಿದ.

"ಇದು ಕೈಬಿಗಿ ಅಲ್ಲ. ಯಾರೋ ಪಾನಾ ಹಾಕಿದ್ದಾರೆ. ತಿರುಪಿನ ಮೇಲೆ ಗೀರೇನೂ ಇಲ್ಲ, ಆದ್ರೂ ಇಂಥ ಬಿರುಕು ಬೆರಳಿಂದ ಬರಲ್ಲ. ಯಾರು ಮಾಡಿದ್ದು?"

"ನಾನೇ" ಎಂದಳು ಮಗಳು.

ತಡವರಿಸಲಿಲ್ಲ, ಅಪ್ಪನ ಕಡೆ ನೋಡಲೂ ಇಲ್ಲ. ಕಡ್ಡಿ ಮುರಿದಂತೆ ಹೇಳಿದಳು. ಸೋರದಣ್ಣನಿಗೆ ಆಗ ಹೊಳೆಯಿತು. ಅವಳಿಗೆ ಗೊತ್ತಿದೆ!

ಅಂಗಡಿಯವನು ನಕ್ಕ. "ಏನಮ್ಮಾ, ಸೋರದಣ್ಣನ ಮಗಳಾಗಿ ಹಿಂಗೆ ಮಾಡೋದಾ? ಅಣ್ಣ, ನೀವಾದ್ರೂ ಹೇಳಿಕೊಡಬಾರದಾ?"

ಸುತ್ತ ನಿಂತವರೂ ನಕ್ಕರು. ಸೋರದಣ್ಣನೂ ನಕ್ಕ. ಹೌದು, ನಕ್ಕ! ಇಂಗು ತಿಂದ ಮಂಗನ ಮುಖ ಮಾಡಿಕೊಂಡು "ಹೆಹೆ" ಎಂದ.

ವಾಪಸ್ಸು ಬರುವಾಗ ಕೆಂಪು ದೀಪ ಬಿದ್ದು ಸ್ಕೂಟರ್ ನಿಂತಿತು. ಮುಂದಿನ ಬಸ್ಸಿನ ಬೆನ್ನನ್ನೇ ನೋಡುತ್ತ ಅವನು ಹೇಳಿದ: "ಬಿಗಿ ಮಾಡಿದ್ದು ನಾನು."

"ಗೊತ್ತು ಅಪ್ಪ. ತಿರುಪಿನ ಸಂದೀಲಿ ನೀಲಿ ನೂಲು ಸಿಕ್ಕಿತ್ತು."

"ಮತ್ತೆ ನೀನ್ಯಾಕೆ ನಾನೇ ಅಂದೆ?"

"ಅವರೆಲ್ಲ ನಿನ್ನ ಗಿರಾಕಿಗಳಲ್ವಾ. ನಿಂಗೆ ಇರೋದು ಆ ಹೆಸರೊಂದೇ." ಮತ್ತೆ ಅವಳೇ ಹೇಳಿದಳು: "ಕಾರ್ಡ್ ಹೋಗಿದ್ದಕ್ಕೆ, ಕೆಲಸ ಹೋಗಿದ್ದಕ್ಕೆ ನಂಗೆ ಇಷ್ಟು ಬೇಜಾರಿಲ್ಲ. ನಿನ್ನೆ ನನ್ನ ತಲೆ ಸವರಿ ಸಮಾಧಾನ ಹೇಳಿದ್ಯಲ್ಲ. ಅದಕ್ಕೆ."

ಹಸಿರು ದೀಪ ಬಂದಿತ್ತು. ಹಿಂದಿನವರು ಹಾರ್ನು ಹೊಡೆದು ಬೈದರು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಂಡ ಅವನು. ಭೂಮಿ ಹಾಗೆಲ್ಲ ನಮ್ಮ ಅನುಕೂಲ ನೋಡುವುದಿಲ್ಲ. ಮುಂದಿನ ತಿರುವಿನಲ್ಲಿ ಸ್ಕೂಟರ್ ತಿರುಗಿಸಿದ.

"ಎಲ್ಲಿಗೆ? ಬೇಡ ಅಪ್ಪ, ಬಿಡು" ಎಂದಳು. ಅವನು ಬಿಡಲಿಲ್ಲ.

ಅಂಗಡಿಯೊಳಗೆ ಅದೇ ಗಿರಾಕಿಗಳಿದ್ದರು. ಕೌಂಟರಿನ ಮುಂದೆ ನಿಂತು, ಬೇಕಾದ್ದಕ್ಕಿಂತ ಜೋರಾಗಿ, "ಅದನ್ನ ಒಡೆದದ್ದು ನಾನು. ನನ್ನ ಮಗಳಲ್ಲ. ಅವಳು ಸರಿಯಾಗೇ ಕೂರಿಸಿದ್ಲು. ನಾನು ಕದ್ದು ಬಿಗಿ ಮಾಡ್ದೆ" ಎಂದ. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಂಗಡಿಯವನು ಮುಜುಗರದಿಂದ ಕೌಂಟರಿನ ಮೇಲಿನ ವೈರುಗಳನ್ನು ಆ ಕಡೆಯಿಂದ ಈ ಕಡೆ ಎತ್ತಿಟ್ಟ. ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಅವನಿಗೇನೂ ಆಗಲಿಲ್ಲ. ಕಿವಿ ಬಿಸಿಯಾಗಿ, ಬೆವರಿ, ಹೊರಗೆ ಬಂದ.

ಬಿಲ್ಡರಿನ ಕೆಲಸ ಬೇರೆಯವರ ಪಾಲಾಯಿತು. ಮಗಳು ಹಳೆಯ ಆಫೀಸಿನಿಂದಲೇ ಸಣ್ಣಪುಟ್ಟ ಕೆಲಸ ಕೇಳಿ ತಂದಳು. ಸೋರದಣ್ಣ ಚಹಾ ಅಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಮನೆಯ ಸಕ್ಕರೆ ಡಬ್ಬಿ ಈಗ ಯಾರು ಮುಟ್ಟಿದರೂ ತೆರೆದುಕೊಳ್ಳುತ್ತಿತ್ತು. ಮುಚ್ಚಳ ಕೈಗೇ ಬಂದು ಸಕ್ಕರೆ ಚೆಲ್ಲಿದ ದಿನ ಹೆಂಡತಿ ಬೈಯಲು ಬಾಯಿ ತೆರೆದವಳು, ಗಂಡನ ಮುಖ ನೋಡಿ ಸುಮ್ಮನೆ ಪೊರಕೆ ತಂದಳು.

ಒಂದು ಮಧ್ಯಾಹ್ನ ಮಗಳು ಹೊಸ ಕಾರ್ಡಿನ ಜೊತೆಗೆ ಆ ಸೀಲು ಮಾಡಿದ ಡಬ್ಬವನ್ನೇ ತಂದಳು, ಮೊದಲು ತಾನು ಬೇಕೆಂದದ್ದನ್ನೇ. ಅವನು ದೂರ ಬಾಗಿಲ ಬಳಿ ನಿಂತಿದ್ದ. ಮೂರು ಸ್ಕ್ರೂ ತಾನೇ ಹಾಕಿ, ಸ್ಕ್ರೂಡ್ರೈವರನ್ನು ಅವನತ್ತ ಚಾಚಿದಳು.

"ಬಾ ಅಪ್ಪ. ಇದೊಂದು ನೀನು ಹಾಕು."

ಬಂದ. ಟವಲು ಸುತ್ತಲಿಲ್ಲ, ಉಸಿರು ಬಿಗಿಹಿಡಿಯಲಿಲ್ಲ. ಎರಡೇ ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದ. ಯಾವ ಮನೆಯಲ್ಲೂ, ಯಾರನ್ನೂ ಕೇಳದಿದ್ದುದನ್ನು ಕೇಳಿದ:

"ಸಾಕಾ?"

ಮಗಳು ಬಗ್ಗಿ ಸ್ಕ್ರೂ ಮುಟ್ಟಿ ನೋಡಿದಳು. ಅದು ಇನ್ನೂ ಅಲ್ಲಾಡುತ್ತಿತ್ತು. ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ತಾನೇ ಇನ್ನೊಂದು ಸುತ್ತು ಬಿಗಿ ಮಾಡಿದಳು.